ಹೂವು ಬಿಡಿಸಿ ನೋಡಿ, ಗಿಡದ ಮನೆತನ ತಿಳಿಯುತ್ತದೆ

ಹೋದ ವಾರ ಸಂಜೆ ಪಕ್ಕದ ಮನೆಯ ಹುಡುಗಿ ಒಂದು ಹಳದಿ ಹೂವಿನ ಕಡ್ಡಿ ಹಿಡಿದುಕೊಂಡು ಬಂದಳು. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಬೆಳೆದ ಗಿಡ. ಫೋನಿನ ಆ್ಯಪಿಗೆ ಮೂರು ಫೋಟೊ ತೋರಿಸಿದ್ದಕ್ಕೆ ಅದು ಮೂರು ಹೆಸರು ಹೇಳಿತ್ತು. "ಆಂಟಿ, ಇದರಲ್ಲಿ ಯಾವುದು ಸರಿ?" ಅಂದಳು. ಹೆಸರು ಆಮೇಲೆ, ಮೊದಲು ಇದು ಯಾರ ಮನೆಯದು ಅಂತ ಕೇಳೋಣ ಬಾ ಎಂದು ಇಬ್ಬರೂ ಜಗಲಿ ಮೇಲೆ ಕೂತೆವು.

ಊರಲ್ಲಿ ಗುರುತಿಲ್ಲದ ಮಗು ಎದುರಾದರೆ ಹಿರಿಯರು ಕೇಳುವುದೂ ಹಾಗೇ ಅಲ್ವಾ? "ನೀನು ಯಾರ ಮನೆಯವನಪ್ಪಾ?" ಮನೆ ಗೊತ್ತಾದರೆ ಮಗುವಿನ ಹೆಸರು ಹುಡುಕುವುದು ಕಷ್ಟವಲ್ಲ. ಗಿಡಕ್ಕೂ ಇದೇ ಸುಲಭದ ದಾರಿ. ಹೂ ಬಿಡುವ ಗಿಡಗಳಲ್ಲಿ ಲಕ್ಷಗಟ್ಟಲೆ ಬಗೆ ಇವೆ. ಎಪಿಜಿ ಎಂಬ ಸಸ್ಯವಿಜ್ಞಾನಿಗಳ ತಂಡ 2016ರಲ್ಲಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ಅವೆಲ್ಲವೂ 416 ಕುಟುಂಬಗಳಲ್ಲಿ ಹಂಚಿಕೊಂಡಿವೆ. 416 ಕೂಡ ಜಾಸ್ತಿಯೇ. ಆದರೆ ಹಿತ್ತಲು, ಬೇಲಿ, ಹೊಲ, ತರಕಾರಿ ಬುಟ್ಟಿ ಇಷ್ಟರಲ್ಲೇ ಸಿಗುವ ಹತ್ತು ಕುಟುಂಬ ಪರಿಚಯವಾದರೆ ಸಾಕು, ರಸ್ತೆ ಬದಿಯ ಎಷ್ಟೋ ಗಿಡಗಳು ನೆಂಟರಂತೆ ಕಾಣತೊಡಗುತ್ತವೆ.

ಒಂದೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಣ್ಣ, ಗಾತ್ರ, ಪರಿಮಳ ಇವನ್ನು ನಂಬಬೇಡಿ. ಎಕ್ಕದಲ್ಲೇ ಬಿಳಿ ಇದೆ, ನೇರಳೆ ಇದೆ. ದಾಸವಾಳದಲ್ಲಿ ಇಲ್ಲದ ಬಣ್ಣವೇ ಕಡಿಮೆ. ನಂಬಬೇಕಾದದ್ದು ಹೂವಿನ ಒಳಗಿನ ಕಟ್ಟೋಣ. ಅದು ಕಾಣಬೇಕಾದರೆ ಹೂವನ್ನು ಬಿಡಿಸಲೇಬೇಕು.

ಏನೇನು ಬೇಕು

10 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಅರ್ಧ ಬ್ಲೇಡು. ಒಂದು ಗುಂಡುಸೂಜಿ. ಬಿಳಿ ಹಾಳೆ, ಪೆನ್ಸಿಲು, ನೋಟ್‌ಬುಕ್. ಇಷ್ಟೇ. ಲೆನ್ಸನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಹೂವನ್ನು ಅದರ ಹತ್ತಿರಕ್ಕೆ ತನ್ನಿ. ಲೆನ್ಸನ್ನು ದೂರ ಹಿಡಿದು ಬಗ್ಗಿ ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ.

ಎಚ್ಚರಿಕೆಯ ಮಾತು ಕೂಡ ಇಲ್ಲೇ ಇರಲಿ. ಎಕ್ಕ, ಕಳ್ಳಿ, ಕಣಗಿಲೆ, ಉಮ್ಮತ್ತಿ ಇವೆಲ್ಲ ವಿಷದ ಗಿಡಗಳು. ಎಕ್ಕ, ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಇವನ್ನು ಮಕ್ಕಳ ಕೈಗೆ ಕೊಡಬೇಡಿ, ನೀವು ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆಯಿರಿ. ಗುರುತಿಗಾಗಿ ಯಾವ ಗಿಡವನ್ನೂ ಬಾಯಿಗೆ ಹಾಕಬೇಡಿ. ಪಾರ್ಕಿನಲ್ಲಿ, ಕಾಡಿನಲ್ಲಿ ಕೀಳುವುದು ಬೇಡ. ಕೆಳಗೆ ಉದುರಿದ ಹೂವೇ ಬೇಕಾದಷ್ಟಾಯಿತು.

ಮೊದಲ ಪಾಠ ದಾಸವಾಳ

ಕೆಂಪು, ಐದೆಸಳಿನ, ಒಂಟಿ ಸುತ್ತಿನ ದಾಸವಾಳ ತನ್ನಿ. ಮುದ್ದೆ ದಾಸವಾಳ ಬೇಡ. ಅದರಲ್ಲಿ ಕೇಸರಗಳೇ, ಅಂದರೆ ಪರಾಗ ಹೊತ್ತ ಕಡ್ಡಿಗಳೇ, ಎಸಳಾಗಿ ಬೆಳೆದುಬಿಟ್ಟಿರುತ್ತವೆ, ಲೆಕ್ಕ ತಪ್ಪುತ್ತದೆ. ತೋಟದ ಗುಲಾಬಿ, ಸುತ್ತುಮಲ್ಲಿಗೆ, ಮುದ್ದೆ ನಂದಿಬಟ್ಟಲಿಗೂ ಇದೇ ಮಾತು.

ಹೂವನ್ನು ತಿರುಗಿಸಿ, ಹಿಂಬದಿ ನೋಡಿ. ನಾವೆಲ್ಲ ಹೂವಿನ ಮುಖ ನೋಡಿ ಸುಮ್ಮನಾಗುತ್ತೇವೆ, ಆದರೆ ಮನೆತನದ ಗುರುತು ಎಷ್ಟೋ ಸಲ ಬೆನ್ನಲ್ಲಿರುತ್ತದೆ. ತೊಟ್ಟಿನ ತುದಿಯಲ್ಲಿ ಒಂದು ಹಸಿರು ಬಟ್ಟಲು ಕಾಣುತ್ತದೆ, ಅಂಚಿನಲ್ಲಿ ಐದು ಹಲ್ಲು. ಇದೇ ಪುಷ್ಪಪಾತ್ರೆ. ಅದರ ಕೆಳಗೆ ಸಣ್ಣ ಸಣ್ಣ ಹಸಿರು ಕಡ್ಡಿಗಳ ಇನ್ನೊಂದು ಸುತ್ತು ಇದೆ, ನೋಡಿ. ಹೊರಗಿನ ಈ ಎರಡನೇ ಬಟ್ಟಲು ದಾಸವಾಳದ ಹತ್ತಿರದ ಬಳಗದ ಗುರುತು. ಹತ್ತಿಯ ಹೂವಿನಲ್ಲಿ ಇದೇ ಸುತ್ತು ಹರಿದ ಅಂಚಿನ ಮೂರು ದೊಡ್ಡ ಎಲೆಗಳಾಗಿ ಕಾಯಿಯನ್ನು ತಬ್ಬಿಕೊಂಡಿರುತ್ತದೆ.

ಈಗ ಎಸಳು. ಐದಿವೆ. ಮೊಗ್ಗನ್ನು ಗಮನಿಸಿದರೆ ಒಂದೊಂದು ಎಸಳೂ ಪಕ್ಕದ್ದರ ಮೇಲೆ ಒಂದೇ ದಿಕ್ಕಿಗೆ ಹೊದ್ದುಕೊಂಡು, ಕೊಡೆ ಸುತ್ತಿದ ಹಾಗಿರುತ್ತದೆ. ಎಸಳುಗಳನ್ನು ಮೆಲ್ಲಗೆ ಕಿತ್ತು ಹಾಳೆ ಮೇಲಿಡಿ. ನಡುವೆ ಉಳಿಯುವುದು ಉದ್ದನೆಯ ಕೊಳವೆ, ಅದರ ಮೈತುಂಬ ಹಳದಿ ಗುಂಡುಗಳು. ಗುಂಡುಗಳೆಲ್ಲ ಪರಾಗಕೋಶ. ಅವುಗಳ ಕಡ್ಡಿಗಳು ಬೇರೆ ಬೇರೆ ನಿಲ್ಲದೆ ಒಂದಕ್ಕೊಂದು ಅಂಟಿ ಕೊಳವೆಯಾಗಿವೆ. ಆ ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ತೆಳ್ಳಗಿನ ಇನ್ನೊಂದು ದಾರ ಹರಿದುಹೋಗಿದೆ, ಅದರ ತುದಿ ಐದಾಗಿ ಕವಲೊಡೆದು ಐದು ಕೆಂಪು ಮಖಮಲ್ಲಿನ ಬೊಟ್ಟುಗಳಾಗಿದೆ. ಅದು ಶಲಾಕೆ. ದಾರ ಹಿಡಿದು ಕೆಳಗಿಳಿದರೆ ಬುಡದಲ್ಲಿ ಪುಟ್ಟ ಹಸಿರು ಗೋಪುರ ಸಿಗುತ್ತದೆ. ಅದೇ ಅಂಡಾಶಯ, ನಾಳೆ ಕಾಯಿ ಆಗಬೇಕಾದ ಜಾಗ.

ಆ ಗೋಪುರವನ್ನು ಅಡ್ಡ ಕತ್ತರಿಸಿ ಲೆನ್ಸಿನಲ್ಲಿ ನೋಡಿ. ಐದು ಕೋಣೆ. ಇನ್ನು ಅಡುಗೆಮನೆಗೆ ಹೋಗಿ ಒಂದು ಬೆಂಡೆಕಾಯಿ ಅಡ್ಡ ಕೊಯ್ಯಿರಿ. ಅದೇ ಐದು ಕೋಣೆ! ಕೈಗೆ ಹತ್ತುವ ಲೋಳೆಯೂ ಅದೇ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚುವಾಗ ಬರುವ ಲೋಳೆಯೇ ಬೆಂಡೆಯಲ್ಲೂ ಇರುವುದು. ಬೆಂಡೆ, ಹತ್ತಿ, ಪುಂಡಿ, ಹೂವರಸಿ, ದಾಸವಾಳ ಎಲ್ಲ ಮಾಲ್ವೇಸಿ ಎಂಬ ಒಂದೇ ಮನೆಯ ಮಕ್ಕಳು. ತೊಗಟೆ ಎಳೆದರೆ ಗಟ್ಟಿ ನಾರಾಗಿ ಬರುವುದೂ ಈ ಮನೆಯವರ ಗುಣ. ಪುಂಡಿ ನಾರಿನ ಹಗ್ಗ ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಈ ಒಂದು ಹೂವನ್ನು ಎರಡು ಮೂರು ಸಲ ಬಿಡಿಸಿ. ಕೈಗೆ ಅಭ್ಯಾಸವಾದ ಮೇಲೆ ಮುಂದಿನದೆಲ್ಲ ಸಲೀಸು.

ಹೀಚು ಎಲ್ಲಿದೆ?

ನನ್ನನ್ನು ಕೇಳಿದರೆ ಹೂವಿಗೆ ಹಾಕಬೇಕಾದ ಅತಿ ಮುಖ್ಯ ಪ್ರಶ್ನೆ ಇದು. ಎಸಳುಗಳು ಹೀಚಿನ ಬುಡದಿಂದ ಹೊರಟಿವೆಯೋ, ಅದರ ನೆತ್ತಿಯಿಂದ ಹೊರಟಿವೆಯೋ? ಪುಸ್ತಕಗಳು ಮೊದಲನೆಯದನ್ನು ಉಚ್ಚ ಅಂಡಾಶಯ, ಎರಡನೆಯದನ್ನು ನೀಚ ಅಂಡಾಶಯ ಅನ್ನುತ್ತವೆ. ಮೇಲು, ಕೆಳಗು ಅಂದರೂ ಸಾಕು.

ಹೂವೇ ಬೇಕಿಲ್ಲ, ತರಕಾರಿ ಬುಟ್ಟಿಯಲ್ಲೇ ಇದನ್ನು ಕಲಿಯಬಹುದು. ಬದನೆಕಾಯಿ ತೆಗೆದುಕೊಳ್ಳಿ. ಅದರ ಹಸಿರು ಟೋಪಿ ಎಲ್ಲಿದೆ? ತೊಟ್ಟಿನ ಕಡೆ. ಆ ಟೋಪಿಯೇ ಹೂವಿನ ಪುಷ್ಪಪಾತ್ರೆ. ಅಂದರೆ ಹೂವು ಕಾಯಿಯ ಬುಡದಲ್ಲಿತ್ತು, ಕಾಯಿ ಮೇಲಿತ್ತು. ಈಗ ಸೀಬೆಹಣ್ಣು ತೆಗೆದುಕೊಳ್ಳಿ. ಒಣಗಿದ ಕಿರೀಟ ತೊಟ್ಟಿಗೆ ಎದುರು ತುದಿಯಲ್ಲಿದೆ, ಅಲ್ವಾ? ದಾಳಿಂಬೆಯಲ್ಲಂತೂ ಆ ಕಿರೀಟ ಎದ್ದು ಕಾಣುತ್ತದೆ. ಅಲ್ಲಿ ಹೂವು ಕಾಯಿಯ ನೆತ್ತಿ ಮೇಲೆ ಕೂತಿತ್ತು. ಬಾಳೆಕಾಯಿಯ ತುದಿಯ ಕಪ್ಪು ಮೊಟಕು, ಎಳೆ ಸೌತೆಯ ಮೂತಿಯಲ್ಲಿ ಅಂಟಿರುವ ಒಣ ಹೂವು, ಎರಡೂ ಇದೇ ಕಥೆ ಹೇಳುತ್ತವೆ.

ಕುಂಬಳ, ಸೌತೆ, ಹೀರೆ, ಹಾಗಲ, ಸೋರೆ, ಪಡವಲ, ತೊಂಡೆ ಇವೆಲ್ಲ ಕುಕುರ್ಬಿಟೇಸಿ ಮನೆಯವು. ಬಳ್ಳಿ ಹಬ್ಬಿಸಿದವರಿಗೆ ಅಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಎಂದು ಗೊತ್ತೇ ಇರುತ್ತದೆ. ಹೆಣ್ಣು ಹೂವಿನ ಕೆಳಗೆ ಅರಳುವ ಮೊದಲೇ ಪುಟ್ಟ ಕುಂಬಳ ಸಿದ್ಧವಾಗಿರುತ್ತದೆ, ಗಂಡು ಹೂವಿನ ಕೆಳಗೆ ಬರೀ ತೊಟ್ಟು. ತೊಂಡೆಯಲ್ಲಿ ಗಂಡು ಹೆಣ್ಣು ಬಳ್ಳಿಗಳೇ ಬೇರೆ. ಜೊತೆಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುವ ಎಳೆ ಇದೆ. ಆಸರೆಗೆ ಬಿಗಿದುಕೊಂಡ ಎಳೆಯನ್ನು ಲೆನ್ಸಿನಲ್ಲಿ ಹಿಂಬಾಲಿಸಿ. ಅರ್ಧ ದಾರಿ ಒಂದು ದಿಕ್ಕಿಗೆ ಸುತ್ತಿ, ನಡುವೆ ತಟಕ್ಕನೆ ತಿರುಗಿ ಇನ್ನೊಂದು ದಿಕ್ಕಿಗೆ ಸುತ್ತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗುವುದಿಲ್ಲ.

ನೋಡುವ ಕ್ರಮ

ಹೊಸ ಗಿಡ ಸಿಕ್ಕಾಗ ನಾನು ಒಂದೇ ಕ್ರಮದಲ್ಲಿ ನೋಡುತ್ತೇನೆ. ಕ್ರಮ ತಪ್ಪಿದರೆ ಯಾವುದಾದರೂ ಒಂದನ್ನು ಮರೆತುಬಿಡುತ್ತೇವೆ.

ಮೊದಲು ಕಾಂಡ ಮತ್ತು ಎಲೆ. ಎಲೆಗಳು ಜೋಡಿಯಾಗಿ ಎದುರುಬದುರು ಇವೆಯೋ, ಒಂದಾದ ಮೇಲೊಂದು ಇವೆಯೋ? ಕಾಂಡ ಗುಂಡಗಿದೆಯೋ, ಚೌಕವೋ? ಎಲೆ ಚಿವುಟಿದರೆ ಹಾಲು ಬರುತ್ತದೆಯೇ? ಎಲೆಯ ತೊಟ್ಟಿನ ಬುಡದಲ್ಲಿ ಸಣ್ಣ ಕಿವಿಯಂಥ ಎಲೆ ಇದೆಯೇ?

ಆಮೇಲೆ ಎಣಿಕೆ. ಹೂವಿನ ಭಾಗಗಳು ಮೂರು ಮೂರಾಗಿ ಬಂದರೆ, ಎಲೆಯ ನರಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಓಡಿದ್ದರೆ, ಅದು ಹೆಚ್ಚಾಗಿ ಏಕದಳದ, ಅಂದರೆ ಬೀಜದಲ್ಲಿ ಒಂದೇ ಬೇಳೆಯ ಗುಂಪು. ಈರುಳ್ಳಿ, ಬಾಳೆ, ತೆಂಗು, ಹುಲ್ಲು, ಅರಿಶಿನದ ಕಡೆ. ನಾಲ್ಕೋ ಐದೋ ಬಂದು, ನರಗಳು ಬಲೆಯಂತಿದ್ದರೆ ದ್ವಿದಳದ, ಅಂದರೆ ಎರಡು ಬೇಳೆಯ ಗುಂಪಿನ ಕಡೆ ಹುಡುಕಿ.

ಮುಂದೆ ಎಸಳುಗಳು ಬಿಡಿಯೋ, ಅಂಟಿಕೊಂಡಿವೆಯೋ? ಒಂದು ಎಸಳು ಎಳೆಯಿರಿ. ಒಂದೇ ಬಂದರೆ ಬಿಡಿ. ಇಡೀ ಹೂವು ಕೊಳವೆಯಾಗಿ ಕಳಚಿ ಬಂದರೆ ಅಂಟಿದ್ದು. ಹೂವು ಯಾವ ಕಡೆಯಿಂದ ಅರ್ಧ ಮಾಡಿದರೂ ಎರಡು ಭಾಗ ಸಮವೋ, ಅಥವಾ ನಮ್ಮ ಮುಖದ ಹಾಗೆ ಒಂದೇ ಗೆರೆಯಲ್ಲಿ ಸಮವೋ, ಅದನ್ನೂ ಬರೆದುಕೊಳ್ಳಿ. ಕೇಸರ ಎಷ್ಟು, ಒಂದೇ ಉದ್ದವೋ, ಒಂದಕ್ಕೊಂದು ಅಂಟಿವೆಯೋ? ಹೀಚು ಮೇಲೋ ಕೆಳಗೋ, ಅಡ್ಡ ಕೊಯ್ದರೆ ಎಷ್ಟು ಕೋಣೆ? ಕೊನೆಗೆ ಕಾಯಿ ಸಿಕ್ಕರೆ ಬಿಡಲೇಬೇಡಿ. ಹೂವು ಅನುಮಾನ ಉಳಿಸಿದ ಕಡೆ ಕಾಯಿ ಎಷ್ಟೋ ಸಲ ಅದನ್ನು ಬಗೆಹರಿಸಿಬಿಡುತ್ತದೆ.

ಅವರೆ ಹೂವಿನ ದೋಣಿ

ಚಳಿಗಾಲದಲ್ಲಿ ಅವರೆ ಹೊಲಕ್ಕೆ ಹೋದರೆ ಒಂದು ಹೂವು ಕಿತ್ತು ಅಂಗೈಯಲ್ಲಿಟ್ಟುಕೊಳ್ಳಿ. ಐದು ಎಸಳುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮೇಲೆ ಅಗಲವಾಗಿ ಎದ್ದು ನಿಂತದ್ದು ಬಾವುಟ. ಎರಡು ಪಕ್ಕಗಳಲ್ಲಿ ಎರಡು ರೆಕ್ಕೆ. ರೆಕ್ಕೆ ಸರಿಸಿದರೆ ಒಳಗೆ ಎರಡು ಎಸಳು ಅಂಚಿನಲ್ಲಿ ಕೂಡಿಕೊಂಡು ಪುಟ್ಟ ದೋಣಿಯಾಗಿವೆ. ಸೂಜಿಯಿಂದ ದೋಣಿ ಬಿಡಿಸಿ. ಹತ್ತು ಕೇಸರ ಕಾಣುತ್ತವೆ. ಒಂಬತ್ತು ಒಟ್ಟಿಗೆ ಅಂಟಿ ಒಂದು ಪೊರೆಯಾಗಿವೆ, ಹತ್ತನೆಯದು ಬಾವುಟದ ಕಡೆ ಒಂಟಿಯಾಗಿ ನಿಂತಿದೆ. ಆ ಒಂಟಿ ಕೇಸರದ ಪಕ್ಕದ ಸಂದಿಯಿಂದಲೇ ದುಂಬಿಯ ನಾಲಿಗೆ ಬುಡದ ಮಕರಂದಕ್ಕೆ ಇಳಿಯುವುದು. ಪೊರೆ ಹರಿದರೆ ಒಳಗೆ ಏನಿದೆ ಗೊತ್ತಾ? ಕಣ್ಣಿಗೆ ಕಾಣುವಷ್ಟೇ ಸಣ್ಣ ಅವರೆಕಾಯಿ. ಒಂದೇ ಕೋಣೆ, ಒಂದೇ ಅಂಚಿಗೆ ಸಾಲಾಗಿ ಕೂತ ಕಾಳು.

ತೊಗರಿ, ಅಲಸಂದೆ, ಹುರುಳಿ, ಕಡಲೆ, ಹೊಂಗೆ, ಮುತ್ತುಗ ಯಾವುದನ್ನೇ ಬಿಡಿಸಿ, ಬಾವುಟ, ರೆಕ್ಕೆ, ದೋಣಿ ಸಿಗುತ್ತವೆ. ಕಡಲೆಕಾಯಿಯ ಹಳದಿ ಹೂವಿನಲ್ಲೂ ಸಿಗುತ್ತವೆ, ಅದರ ಕಾಯಿ ಮಣ್ಣಿನೊಳಗೆ ಇಳಿದು ಬಲಿತರೂ ಸಹ. ಶಂಖಪುಷ್ಪದಲ್ಲಿ ಮಾತ್ರ ಹೂವು ತಲೆಕೆಳಗಾಗಿ ನಿಂತಿರುವುದರಿಂದ ಬಾವುಟ ಕೆಳಗೆ ಬಂದಿರುತ್ತದೆ. ಇದು ಫ್ಯಾಬೇಸಿ ಕುಟುಂಬ.

ಆದರೆ ಈ ಮನೆ ದೊಡ್ಡದು, ಎಲ್ಲರಿಗೂ ದೋಣಿ ಇಲ್ಲ. ತಂಗಡಿ, ಗುಲ್‌ಮೊಹರ್ ಹೂಗಳಲ್ಲಿ ಎಸಳುಗಳು ಹರಡಿಕೊಂಡಿರುತ್ತವೆ, ಹತ್ತು ಕೇಸರಗಳೂ ಬಿಡಿಬಿಡಿ. ಗುಲ್‌ಮೊಹರಿನಲ್ಲಿ ಒಂದು ಎಸಳಿಗೆ ಮಾತ್ರ ಬಿಳಿ ಮಚ್ಚೆ. ಜಾಲಿ, ಮುಟ್ಟಿದರೆ ಮುನಿ ಗಿಡಗಳಲ್ಲಿ ನಾವು ಹೂವೆನ್ನುವ ಗುಂಡು ಚೆಂಡು ಹತ್ತಾರು ಪುಟಾಣಿ ಹೂಗಳ ಗುಂಪು. ಆ ನವಿರು ಕೂದಲೆಲ್ಲ ಕೇಸರ. ಹಳೆಯ ಪುಸ್ತಕಗಳು ಇವನ್ನು ಮೂರು ಕುಟುಂಬ ಮಾಡಿದ್ದುಂಟು. ಈಗ ಒಂದೇ ಕುಟುಂಬ, 2017ರಿಂದ ಅದರಲ್ಲಿ ಆರು ಉಪಕುಟುಂಬ. ಮೂರಕ್ಕೂ ಸಮಾನವಾದ ಗುರುತು ಕಾಯಿ. ಒಂದೇ ಕೋಣೆಯ ಉದ್ದನೆಯ ಕಾಯಿ ಕಂಡರೆ ಮೊದಲು ಈ ಮನೆಯ ಬಾಗಿಲು ತಟ್ಟಿ.

ಬದನೆ ಮನೆ, ಸಾಸಿವೆ ಮನೆ

ಬದನೆ ಹೂವಿನ ನಡುವೆ ಹಳದಿ ಪರಾಗಕೋಶಗಳು ಒಟ್ಟಿಗೆ ಸೇರಿ ಶಂಕುವಿನಂತೆ ನಿಂತಿವೆ. ಒಂದನ್ನು ಕಿತ್ತು ತುದಿಯನ್ನು ಲೆನ್ಸಿನಲ್ಲಿ ನೋಡಿ. ಎರಡು ಸಣ್ಣ ತೂತು! ಉಪ್ಪಿನ ಡಬ್ಬಿಯ ಹಾಗೆ ಅಲುಗಾಡಿಸಿದರೆ ಮಾತ್ರ ಪರಾಗ ಉದುರುತ್ತದೆ. ಕಪ್ಪು ದುಂಬಿ ಹೂವಿಗೆ ಜೋತುಬಿದ್ದು ಮೈ ಕಂಪಿಸುತ್ತದೆ, ಝೇಂಕಾರದ ದನಿ ಬದಲಾಗುವುದು ನಮಗೂ ಕೇಳುತ್ತದೆ. ಆಗ ಪರಾಗ ಅದರ ಹೊಟ್ಟೆ ಮೇಲೆ ಸುರಿಯುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಬೆಳಗ್ಗೆ ಬದನೆ ಸಾಲಿನಲ್ಲಿ ಹತ್ತು ನಿಮಿಷ ನಿಂತು ಕೇಳಿ, ಸಿಗುತ್ತದೆ.

ಅಂಟಿದ ಐದು ಎಸಳು, ಅವಕ್ಕೆ ಅಂಟಿದ ಐದು ಕೇಸರ, ಮೇಲಿರುವ ಹೀಚು, ತುಂಬ ಬೀಜ, ಕಾಯಿ ಆದರೂ ಉದುರದ ಟೋಪಿ. ಇದು ಸೊಲನೇಸಿ. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಗಣಿಕೆ, ತಂಬಾಕು, ಉಮ್ಮತ್ತಿ ಇಲ್ಲಿಯವೇ. ಬುಡ್ಡೆ ಹಣ್ಣಿನಲ್ಲಿ ಆ ಟೋಪಿಯೇ ಬೆಳೆದು ಹಣ್ಣನ್ನು ಪೂರ್ತಿ ಮುಚ್ಚುವ ಕಾಗದದ ಚೀಲವಾಗುತ್ತದೆ. ಊಟದ ಗಿಡವೂ ಕಡು ವಿಷದ ಗಿಡವೂ ಒಂದೇ ಮನೆಯಲ್ಲಿವೆ. ಹಾಗಾಗಿ ಕುಟುಂಬ ಗೊತ್ತಾಯಿತು ಎಂದು ತಿನ್ನಲು ಹೋಗಬಾರದು. ನಾಟಿ ಬೆಳೆಯುವ ದೊಡ್ಡ ಟೊಮೆಟೊಗಳಲ್ಲಿ ಎಸಳು ಆರು ಏಳು ಬರುವುದುಂಟು. ಒಂದೇ ಹೂವು ಎಣಿಸಿ ನಿಲ್ಲಿಸದೆ ನಾಲ್ಕಾರು ಎಣಿಸಿ.

ಸಾಸಿವೆಯದು ಚೊಕ್ಕ ಲೆಕ್ಕ. ಕೂಡುವ ಗುರುತಿನ ಹಾಗೆ ನಾಲ್ಕು ಎಸಳು, ಆರು ಕೇಸರ, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಒಣಗಿದ ಕಾಯಿಯ ಎರಡು ಸಿಪ್ಪೆ ಬಿದ್ದ ಮೇಲೂ ನಡುವೆ ತೆಳ್ಳನೆಯ ಪೊರೆ ಉಳಿಯುತ್ತದೆ. ಬೀಜ ಅದರ ಅಂಚಿಗೆ ಅಂಟಿರುತ್ತವೆ. ಮೂಲಂಗಿ, ಎಲೆಕೋಸು, ಹೂಕೋಸು ಎಲ್ಲ ಈ ಬ್ರಾಸಿಕೇಸಿಯವು. ಮಳೆಗಾಲದಲ್ಲಿ ಬೇಲಿ ಬದಿ ಬರುವ ನಾಯಿಸಾಸಿವೆಗೂ ನಾಲ್ಕು ಹಳದಿ ಎಸಳು, ಉದ್ದನೆಯ ಕಾಯಿ. ಆದರೆ ಕೇಸರ ಆರಕ್ಕಿಂತ ಜಾಸ್ತಿ, ಎಲೆ ಬೆರಳುಗಳಂತೆ ಸೀಳಿದೆ, ಕಾಯಿ ಬಿಚ್ಚಿದರೆ ನಡುವಿನ ಪೊರೆ ಇಲ್ಲ. ಅದು ಕ್ಲಿಯೋಮೇಸಿ, ಸಾಸಿವೆ ಮನೆಯ ಹತ್ತಿರದ ದಾಯಾದಿ. ಸಾಸಿವೆಯ ಹಾಗಿದೆ, ಆದರೆ ಸಾಸಿವೆ ಅಲ್ಲ ಎನ್ನುವುದನ್ನು ಹೆಸರಿಟ್ಟ ಹಳ್ಳಿಯವರು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾರೆ.

ಚೌಕ ಕಾಂಡ ಕಂಡರೆ

ತುಳಸಿಯ ಎಳೆ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ಉರುಳುವುದಿಲ್ಲ, ನಾಲ್ಕು ಮೂಲೆ ತಾಗುತ್ತದೆ. ಎಲೆಗಳು ಜೋಡಿ ಜೋಡಿ, ಒಂದು ಜೋಡಿಗೆ ಅಡ್ಡವಾಗಿ ಮುಂದಿನ ಜೋಡಿ. ಹೂವು ಬಾಯಿ ತೆರೆದ ಹಾಗೆ, ಮೇಲ್ದುಟಿ ಕೆಳದುಟಿ. ಕೇಸರ ನಾಲ್ಕು. ಹೀಚು ನಾಲ್ಕು ಉಂಡೆಯಾಗಿ ಸೀಳಿದ್ದು, ಶಲಾಕೆಯ ದಾರ ಅವುಗಳ ನಡುವಿನಿಂದ ಎದ್ದಿದೆ. ಒಣಗಿದ ತುಂಬೆಯ ಬಟ್ಟಲನ್ನು ಅಂಗೈ ಮೇಲೆ ಕೊಡವಿದರೆ ನಾಲ್ಕು ಬೀಜ ಉದುರಬೇಕು. ಲ್ಯಾಮಿಯೇಸಿ ಎನ್ನಲು ಇವುಗಳಲ್ಲಿ ಹಲವು ಒಟ್ಟಿಗೆ ಸೇರಬೇಕು. ಪುದೀನ, ದೊಡ್ಡಪತ್ರೆ ಇದರಲ್ಲಿವೆ. ಹಿಂದೆ ಬೇರೆ ಕುಟುಂಬದಲ್ಲಿದ್ದ ತೇಗ, ಲಕ್ಕಿ ಗಿಡಗಳೂ ಈಗ ಇದರಲ್ಲೇ ಸೇರಿವೆ.

ಚೌಕ ಕಾಂಡ ಒಂದನ್ನೇ ನಂಬಿದರೆ ಪಾರಿಜಾತ ನಿಮ್ಮ ದಾರಿ ತಪ್ಪಿಸುತ್ತದೆ. ಅದರ ಎಳೆ ಕೊಂಬೆಯೂ ಚೌಕ, ಎಲೆಯೂ ಜೋಡಿ. ಬೆಳಗ್ಗೆ ಬಿದ್ದ ಹೂವಿನ ಕೇಸರಿ ಕೊಳವೆ ಸೀಳಿ ನೋಡಿ, ಕೇಸರ ಎರಡೇ. ಜಾಜಿಯ ಕೊಳವೆ ಸೀಳಿ, ಅಲ್ಲೂ ಎರಡೇ. ಪಾರಿಜಾತ, ಜಾಜಿ, ಮಲ್ಲಿಗೆಗಳ ಮನೆ ಓಲಿಯೇಸಿ. ಸಂಜೆಮಲ್ಲಿಗೆಗೆ ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಆ ಮನೆಗೆ ಸಂಬಂಧವಿಲ್ಲ, ಅದರ ನೆಂಟಸ್ತಿಕೆ ಬೋಗನ್‌ವಿಲ್ಲಾ ಜೊತೆ. ಬೋಗನ್‌ವಿಲ್ಲಾದ ಬಣ್ಣದ ಕಾಗದಗಳು ಎಸಳಲ್ಲ, ಬಣ್ಣ ಬಂದ ಎಲೆಗಳು. ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ಕೊಳವೆ ಹೂವು ಅಂಟಿಕೊಂಡಿದೆ.

ಕನಕಾಂಬರ, ಆಡುಸೋಗೆಗಳಿಗೂ ಜೋಡಿ ಎಲೆ, ಅತ್ತಿತ್ತ ಸಮವಲ್ಲದ ಹೂವು. ಅವು ಅಕ್ಯಾಂಥೇಸಿ. ನಾಲ್ಕು ಬೀಜದ ಉಂಡೆ ಇಲ್ಲ, ಸಿಡಿಯುವ ಕಾಯಿ ಇದೆ. ಕನಕಾಂಬರದ ಒಣ ಕಾಯಿಯನ್ನು ನೀರಿಗೆ ಹಾಕಿ ಪಟ್ ಅನ್ನಿಸಿದ್ದು ನೆನಪಿದ್ದರೆ ಈ ಕುಟುಂಬ ನಿಮಗೆ ಬಾಲ್ಯದಿಂದಲೇ ಗೊತ್ತು.

ಒಂದು ಹೂವಲ್ಲ, ಒಂದು ಸಂತೆ

ಸೂರ್ಯಕಾಂತಿ, ಚೆಂಡುಹೂವು, ಸೇವಂತಿಗೆ, ಕುಸುಬೆ, ಹುಚ್ಚೆಳ್ಳು, ಪಾರ್ಥೇನಿಯಂ ಇವುಗಳದ್ದು ಆಸ್ಟರೇಸಿ. ಚೆಂಡುಹೂವಿನ ಒಂದು ಎಸಳು ಎಳೆದು ಬುಡ ನೋಡಿ. ಕಪ್ಪು ಕಡ್ಡಿಯಂಥ ಹೀಚು, ಅದರ ನೆತ್ತಿಯಿಂದ ಎದ್ದ ಸೀಳು ನಾಲಿಗೆ. ನೀವು ಎಳೆದದ್ದು ಎಸಳಲ್ಲ, ಇಡೀ ಹೂವು! ಸೂರ್ಯಕಾಂತಿಯ ನಡುವಿನ ಕಂದು ತಟ್ಟೆಯಿಂದ ಒಂದನ್ನು ಸೂಜಿಯಿಂದ ಎತ್ತಿ. ಕೆಳಗೆ ಬಿಳಿ ಹೀಚು, ಮೇಲೆ ಐದು ಹಲ್ಲಿನ ಪುಟ್ಟ ಕೊಳವೆ, ಒಳಗೆ ಐದು ಪರಾಗಕೋಶ ಅಂಟಿ ಆದ ಕಪ್ಪು ನಳಿಗೆ. ಶಲಾಕೆ ಆ ನಳಿಗೆಯೊಳಗಿಂದ ಪರಾಗವನ್ನು ಮೇಲೆ ದೂಡಿಕೊಂಡು ಬಂದು ಕೊನೆಗೆ ಎರಡಾಗಿ ಸುರುಳಿ ಬಿಚ್ಚುತ್ತದೆ. ತಟ್ಟೆ ಅಂಚಿನಿಂದ ಒಳಕ್ಕೆ ದಿನದಿನ ಅರಳುವುದರಿಂದ ಒಂದೇ ತಟ್ಟೆಯಲ್ಲಿ ಎಲ್ಲ ಹಂತವೂ ನೋಡಲು ಸಿಗುತ್ತದೆ. ಕೊತ್ತಂಬರಿ, ಸಬ್ಬಸಿಗೆಗಳ ಗೊಂಚಲು ಬೇರೆ ತರಹ. ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳ ಹಾಗೆ ತೊಟ್ಟುಗಳು ಹೊರಟು, ಒಂದೊಂದರ ತುದಿಯಲ್ಲೂ ಪುಟ್ಟ ಕೊಡೆ. ಕೊತ್ತಂಬರಿಯಲ್ಲಿ ಅಂಚಿನ ಹೂಗಳಿಗೆ ಹೊರಗಡೆಯ ಎಸಳು ಮಾತ್ರ ದೊಡ್ಡದು. ಬೀಜ ಬೆರಳಲ್ಲಿ ಒತ್ತಿದರೆ ಎರಡು ಹೋಳು. ಜೀರಿಗೆ, ಓಮ, ಕ್ಯಾರೆಟ್, ಒಂದೆಲಗ ಎಲ್ಲ ಈ ಏಪಿಯೇಸಿಯವು.

ಹಾಲು ಬರುವ ಗಿಡಗಳ ಬಗ್ಗೆ ಎರಡೇ ಮಾತು. ಹಾಲು ಹಲಸಿನಲ್ಲಿದೆ, ಆಲದಲ್ಲಿದೆ, ಕಳ್ಳಿಯಲ್ಲಿದೆ, ಎಕ್ಕದಲ್ಲಿದೆ. ಹಾಲಿನ ಜೊತೆ ಗಿರಗಟ್ಲೆಯ ಹಾಗೆ ತಿರುಚಿದ ಐದೆಸಳು, ಜೋಡಿ ಕಾಯಿ ಇದ್ದರೆ ನಂದಿಬಟ್ಟಲಿನ ಅಪೋಸೈನೇಸಿ. ಹಿಂದೆ ಪ್ರತ್ಯೇಕ ಕುಟುಂಬವಾಗಿದ್ದ ಎಕ್ಕ ಈಗ ಇದರಲ್ಲೇ ಇದೆ. ಹರಳು, ಕಳ್ಳಿಗಳ ಹಾಗೆ ಮೂರು ಉಬ್ಬಿನ ಕಾಯಿ ಇದ್ದರೆ ಯೂಫೋರ್ಬಿಯೇಸಿ. ಹರಳಿನಲ್ಲಿ ಹಾಲಿಲ್ಲ, ಕಾಯಿಯೇ ಗುರುತು.

ಮಲೆನಾಡಿನವರು ಕಾಫಿ ಗಿಡದಲ್ಲಿ ಒಂದು ಗುರುತು ನೋಡಬಹುದು. ಎದುರುಬದುರಿನ ಎರಡು ಎಲೆತೊಟ್ಟುಗಳ ನಡುವೆ, ಕಾಂಡದ ಮೇಲೆ, ಪುಟ್ಟ ತ್ರಿಕೋನ ಎಲೆ ಇದೆ. ಕೇಪುಳದಲ್ಲೂ ಇದೆ. ಆ ತ್ರಿಕೋನ, ಜೋಡಿ ಎಲೆ, ಅಂಟಿದ ಎಸಳು, ಕೆಳಗಿನ ಹೀಚು ನಾಲ್ಕೂ ಸೇರಿದರೆ ರುಬಿಯೇಸಿ.

ಹಳದಿ ಹೂವಿನ ಕಡ್ಡಿ

ಜಗಲಿ ಮೇಲೆ ಹುಡುಗಿಯ ಕೈಗೆ ಲೆನ್ಸ್ ಕೊಟ್ಟೆ. ಕ್ರಮದಲ್ಲೇ ನೋಡಿದೆವು. ಎಲೆ ಹೃದಯದ ಆಕಾರ, ಒಂದಾದ ಮೇಲೊಂದು, ಮುಟ್ಟಿದರೆ ಮಖಮಲ್ಲು. ಲೆನ್ಸಿನಲ್ಲಿ ರೋಮಗಳು ನಕ್ಷತ್ರದ ಹಾಗೆ ಕವಲೊಡೆದಿದ್ದವು. ಹಾಲಿಲ್ಲ. ತೊಗಟೆ ಎಳೆದರೆ ಉದ್ದನೆಯ ನಾರು. ಐದು ಬಿಡಿ ಎಸಳು. ನಡುವೆ ಕೇಸರಗಳೆಲ್ಲ ಬುಡದಲ್ಲಿ ಅಂಟಿ ಗಿಡ್ಡ ಕೊಳವೆ.

"ದಾಸವಾಳದ ಮನೆ!" ಅಂದಳು. ಮರುಕ್ಷಣ ಹೂವು ತಿರುಗಿಸಿ ಸಪ್ಪಗಾದಳು. "ಆಂಟಿ, ಹೊರಗಿನ ಬಟ್ಟಲು ಇಲ್ವಲ್ಲ?"

ಒಳ್ಳೆಯ ಪ್ರಶ್ನೆ. ಹೊರಬಟ್ಟಲು ದಾಸವಾಳ, ಹತ್ತಿ, ಬೆಂಡೆಗಳಿಗೆ ಇದೆ, ಆ ಮನೆಯ ಎಲ್ಲರಿಗೂ ಇಲ್ಲ. ಒಂದು ಗುರುತು ಇಲ್ಲವೆಂದು ಬಿಟ್ಟುಬಿಡಬಾರದು, ಒಂದು ಇದೆಯೆಂದು ತೀರ್ಮಾನ ಮಾಡಲೂಬಾರದು. ಕೇಸರದ ಕೊಳವೆ, ನಕ್ಷತ್ರದ ರೋಮ, ನಾರು, ಮೊಗ್ಗಿನ ತಿರುಚು ನಾಲ್ಕೂ ಒಂದೇ ಕಡೆ ಬೆರಳು ತೋರಿಸುವಾಗ ಮಾಲ್ವೇಸಿ ಎಂದು ಧೈರ್ಯವಾಗಿ ಬರೆಯಬಹುದು.

ಆಮೇಲೆ ಆ್ಯಪು ಕೊಟ್ಟ ಮೂರು ಹೆಸರು ತೆಗೆದೆವು. ಮಾಲ್ವೇಸಿಯದು ಒಂದೇ ಇತ್ತು, ಅಬುಟಿಲಾನ್. ನಮ್ಮ ಕಡೆ ಶ್ರೀಮುದ್ರೆ ಅನ್ನುವ ಗಿಡ. ಅದರ ಹೂವು ಅರಳುವುದು ಇಳಿಹೊತ್ತಿನಲ್ಲಿ. ಬೆಳಗ್ಗೆ ಕಿತ್ತಿದ್ದರೆ ನಮಗೆ ಮುದುಡಿದ ಮೊಗ್ಗಷ್ಟೇ ಸಿಗುತ್ತಿತ್ತು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಹೊತ್ತನ್ನೂ ಬರೆದಿಡಿ.

ಮಾರನೇ ದಿನ ಅವಳು ಅದೇ ಗಿಡದ ಒಣ ಕಾಯಿ ತಂದಳು. ಸಣ್ಣ ಚಕ್ರದ ಹಾಗೆ, ಸುತ್ತ ಎದ್ದುನಿಂತ ಹೋಳುಗಳು. ಸ್ಟಾಂಪ್ ಪ್ಯಾಡಿಗೆ ಒತ್ತಿ, ಅವಳ ನೋಟ್‌ಬುಕ್ಕಿನಲ್ಲಿ ಹೂವಿನ ಚಿತ್ರದ ಪಕ್ಕ ಮುದ್ರೆ ಹಾಕಿದೆವು. ಗೆರೆ ಎಣಿಸಿದಳು, ಹದಿನೆಂಟು.